ಗಾಡಿ ಎಲ್ಲೈತ್ರಿ?

ನಮ್ಮೂರ ಬೈಕ್ ಮಿಸ್ತ್ರಿ ಕಾಕಾ ಅವರ ಮೂಗಿನ ತುದಿಯಲ್ಲಿ ಎಳ್ಳಿಗಿಂತ ತುಸು ದೊಡ್ಡದಾದ ಒಂದು ಕಪ್ಪು ಕಲೆ ಇತ್ತು. ಹೊಸದಾಗಿ ಬಂದ ಗಿರಾಕಿಗಳು ಅದನ್ನು ಗ್ರೀಸು ಅಂದುಕೊಂಡು, “ಮಿಸ್ತ್ರಿ, ಮೂಗಿಗೆ ಏನೋ ಹತ್ತೈತಿ ನೋಡ್ರಿ” ಅನ್ನುತ್ತಿದ್ದರು. ಅವರು ಮುಂಗೈಯಿಂದ ಒರೆಸಿಕೊಂಡಂತೆ ಮಾಡಿ, “ಹತ್ತಿದ್ದಲ್ರಿ, ಸುಟ್ಟಿದ್ದು. ಇನ್ನ ಅದು ನನ್ನ ಸಂಗಾಟನ ಹೋಗೂದು” ಎಂದು ನಗುತ್ತಿದ್ದರು. ಎಂಜಿನ್ನಿನಿಂದ ಆಗತಾನೆ ಬಿಚ್ಚಿದ ಪ್ಲಗ್ಗನ್ನು ಮೂಸಿ ನೋಡುವುದು ಅವರ ರೂಢಿ. ಯಾವಾಗಲೋ ಒಮ್ಮೆ ಅವಸರದಲ್ಲಿ ಕಾದ ಪ್ಲಗ್ಗನ್ನೇ ಮೂಗಿಗೆ ತಾಗಿಸಿಕೊಂಡಿದ್ದರು. ಶುಕ್ರವಾರ ನಮಾಜಿಗೆ ಹೋಗುವ ಮೊದಲು ಕೈ, ಮುಖ, ಮೊಣಕೈ ಎಲ್ಲ ಉಜ್ಜಿ ಉಜ್ಜಿ ತೊಳೆಯುತ್ತಿದ್ದರು. ಬಿಳಿ ಟೊಪ್ಪಿಗೆ ಹಾಕಿಕೊಂಡು ಹೊರಟಾಗ ಆ ಕಲೆಯೊಂದೇ ಅವರ ಕಸುಬು ಹೇಳುತ್ತಿತ್ತು.

ಲಕ್ಷ್ಮೇಶ್ವರದಲ್ಲಿ ಶಿಗ್ಲಿ ಕಡೆ ಹೋಗುವ ರಸ್ತೆಯ ಬದಿಗೆ ಅವರ ತಗಡಿನ ಶೆಡ್ಡು. ಅದಕ್ಕೆ ಬೋರ್ಡು ಇರಲಿಲ್ಲ. “ಬೋರ್ಡು ಹಾಕಿದ್ರ ಗಾಡಿ ಇದ್ದಾವರೆಲ್ಲಾ ಬರ್ತಾರ. ಈಗ ಗಾಡಿ ಕೆಟ್ಟಾವರಷ್ಟ ಬರ್ತಾರ, ಇದ ಚಲೋ” ಅನ್ನುತ್ತಿದ್ದರು. ಧಾರವಾಡದಿಂದ ಒಡೆದು ಗದಗ ಬೇರೆ ಜಿಲ್ಲೆಯಾದ ಹೊಸತು. ಆಗಿನ್ನೂ ನಮ್ಮೂರು ಶಿರಹಟ್ಟಿ ತಾಲ್ಲೂಕಿನಲ್ಲೇ ಇತ್ತು. ಹೊಸ ಆಫೀಸುಗಳಿಗೆ ಓಡಾಡುವವರು ಹೆಚ್ಚಾದರು, ಬೈಕುಗಳು ಹೆಚ್ಚಾದವು. ಅವುಗಳಲ್ಲಿ ಅರ್ಧಕ್ಕರ್ಧ ಯಾರೋ ಓಡಿಸಿ ಬಿಟ್ಟ ಹಳೆಯ ಗಾಡಿಗಳು.

ನನ್ನದೂ ಅಂಥದ್ದೇ. ಮಾವ ಹೊಸದು ತಗೊಂಡಾಗ ಹಳೆಯದನ್ನು ನನಗೆ ಕೊಟ್ಟಿದ್ದ. ಕೊಡುವುದಕ್ಕೆ ಕಾರಣ ನಾನು ಬಿ.ಎ. ಪಾಸಾದದ್ದು. ನಮ್ಮ ಅಪ್ಪ ಮಾರ್ಕೆಟ್‌ನಲ್ಲಿ ಹಮಾಲ. ಬೆಳಗಿನ ಹೊತ್ತು ಅವನ ಜೊತೆ ಹೆಸರುಕಾಳಿನ ಚೀಲ ಹೊತ್ತು, ಅದೇ ಅಂಗಿಯ ಧೂಳು ಝಾಡಿಸಿಕೊಂಡು ಗದಗಿನ ಬಸ್ಸು ಹಿಡಿದು ನಾನು ಕಾಲೇಜು ಮುಗಿಸಿದೆ. ನಮ್ಮ ಮನೆತನದಲ್ಲಿ ನನಗಿಂತ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರು ಒಬ್ಬರೂ ಇಲ್ಲ. ಆ ಡಿಗ್ರಿಯ ಬಗ್ಗೆ ನನಗೆ ಆಗಲೂ ಹೆಮ್ಮೆ ಇತ್ತು, ಈಗಲೂ ಇದೆ. ಮುಂದೆ ಹೇಳುವ ಮಾತಿನಿಂದ ಯಾರೂ ಅದನ್ನು ಹಗುರ ಮಾಡಬಾರದು. ತಪ್ಪು ಡಿಗ್ರಿಯದಲ್ಲ.

ರಿಸಲ್ಟ್ ಬಂದ ದಿನ ಓಣಿಗೆಲ್ಲ ಫೇಡೆ ಹಂಚುತ್ತ ಅವರ ಶೆಡ್ಡಿಗೂ ಹೋಗಿದ್ದೆ. ಕೈ ಎಣ್ಣೆಯಾಗಿತ್ತೆಂದು ಬಾಯಿ ತೆರೆದರು, ನಾನೇ ಹಾಕಿದೆ.

“ನಿಮ್ಮ ಮನ್ಯಾಗ ಎಷ್ಟ ಮಂದಿ ಆಗೀರಿ ಇದನ್ನ?”

“ನಾನ ಮೊದಲ್ನೇದಾಂವ ರೀ ಕಾಕಾ.”

“ಹಂಗಾರ ನಿನಗ ಹೆಸರ ಯಾಕ ಬೇಕು? ಡಿಗ್ರಿ ಅಂದ್ರ ಸಾಕು, ಇಡೀ ಓಣಿಗೆ ತಿಳಿತೈತಿ.”

ಅವತ್ತಿನಿಂದ ಅವರ ಬಾಯಲ್ಲಿ ನಾನು ಡಿಗ್ರಿ. “ಏ ಡಿಗ್ರಿ, ಆ ಪಾನಾ ಕೊಡಿಲ್ಲಿ.” “ಡಿಗ್ರಿ, ಚಾ ಕುಡಿತೀಯೇನಲೇ?” ಚುಡಾಯಿಸುವ ಮಾತಾದರೂ ಅದರಲ್ಲಿ ಒಂದು ಸಂತೋಷ ಇತ್ತು. ಅವರು ಉರ್ದು ಶಾಲೆಯಲ್ಲಿ ಮೂರನೆಯ ಇಯತ್ತೆಯವರೆಗೆ ಹೋದವರು. ಕನ್ನಡ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದುತ್ತಿದ್ದರು.

ಅವರ ಕೆಲಸದ ರೀತಿ ಊರಿನ ಬೇರೆ ಮಿಸ್ತ್ರಿಗಳಿಗಿಂತ ಬೇರೆ. ಕಿಕ್ ಹೊಡೆದರೆ ಎಂಜಿನ್ ತಿರುಗುತ್ತದೆ ಆದರೆ ಚಾಲೂ ಆಗುವುದಿಲ್ಲ ಎಂಬ ಗಾಡಿ ಬಂದರೆ ಉಳಿದವರು ಮೊದಲು ಪಾನಾ ಎತ್ತಿ ನಟ್ಟು ಬಿಚ್ಚುತ್ತಿದ್ದರು. ಇವರು ಸ್ಟೂಲು ಎಳೆದುಕೊಂಡು ಗಾಡಿಗೆ ಬೆನ್ನು ಮಾಡಿ ಕೂರುತ್ತಿದ್ದರು. “ಹೊಡೀರಿ ಕಿಕ್” ಅನ್ನುತ್ತಿದ್ದರು. ಗಿರಾಕಿ ಹತ್ತು ಸಲ ಹೊಡೆದು ಏದುಸಿರು ಬಿಡುವಾಗ ಮೂರು ಪ್ರಶ್ನೆ ಕೇಳುತ್ತಿದ್ದರು. ಕೊನೆಗೆ ಯಾವಾಗ ಚಾಲೂ ಇತ್ತು? ನಿಂತದ್ದು ಹೇಗೆ, ಒಮ್ಮೆಲೇ ನಿಂತಿತೋ, ಕೆಮ್ಮಿ ಕೆಮ್ಮಿ ನಿಂತಿತೋ? ಆಮೇಲೆ ಯಾರು ಕೈ ಹಚ್ಚಿದರು?

ಒಮ್ಮೆಲೇ ನಿಂತಿದ್ದರೆ ಕಿಡಿಯ ಕಡೆ ನೋಡುವುದು. ಕೆಮ್ಮಿ ನಿಂತಿದ್ದರೆ ಪೆಟ್ರೋಲಿನ ಕಡೆ. ಆಮೇಲೆ ಪ್ಲಗ್ ಬಿಚ್ಚಿ ಮೂಸುವುದು. ಪ್ಲಗ್ ಹಸಿಯಾಗಿದ್ದರೆ ಪೆಟ್ರೋಲು ಬರುತ್ತಿದೆ, ಕಿಡಿ ಇಲ್ಲ. ಒಣಗಿದ್ದರೆ ಕಿಡಿಯ ತಂಟೆಗೆ ಹೋಗುವುದೇ ಬೇಡ, ಪೆಟ್ರೋಲು ಎಲ್ಲಿ ನಿಂತಿದೆ ಹುಡುಕಬೇಕು. ಎರಡೂ ಸರಿ ಇದ್ದರೆ ಪ್ಲಗ್ಗಿನ ತೂತಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದು ಕಿಕ್ ಹೊಡೆಸುತ್ತಿದ್ದರು. ಒಳಗಿನ ಗಾಳಿ ಬೆರಳನ್ನು ಎತ್ತಿ ಒಗೆಯಬೇಕು. “ಪೆಟ್ರೋಲು, ಕಿಡಿ, ಗಾಳಿ. ಈ ಮೂರು ಮಂದಿ ಕೂಡಿದ್ರ ಗಾಡಿ. ಒಬ್ಬಾಂವ ಮುನಿಸಿಕೊಂಡಾನ ಅಷ್ಟ. ಯಾಂವ ಅನ್ನೂದನ್ನ ನೋಡಬೇಕು, ಮೂವರಿಗೂ ಬಡಿಬಾರದು.”

ಡೋಣಿಯ ಕಡೆಯ ರೈತನೊಬ್ಬ ಗಾಡಿಯನ್ನು ಟೆಂಪೋದಲ್ಲಿ ಹಾಕಿಕೊಂಡು ಬಂದಿದ್ದ. ಯಾರೂ ಕೈ ಹಚ್ಚಿಲ್ಲ ಎಂದು ದೇವರಾಣೆ ಮಾಡಿದ. ಕಾಕಾ ಕಾರ್ಬೊರೇಟರ್ ಹತ್ತಿರ ಬಗ್ಗಿ, ಉಜ್ಜಿ ಬೆಳ್ಳಗಾದ ಒಂದು ಸ್ಕ್ರೂ ತೋರಿಸಿದರು. “ನೀವು ಸುಳ್ಳ ಹೇಳಬಹುದು ಯಜಮಾನ್ರ. ಸ್ಕ್ರೂಗೆ ಬರಂಗಿಲ್ಲ.” ಮುಂಡರಗಿಯಲ್ಲಿ ಒಬ್ಬ ಮೂರು ದಿನ ಇಟ್ಟುಕೊಂಡು ಎಲ್ಲ ಬಿಚ್ಚಿದ್ದ ಎಂದು ಆತ ಆಮೇಲೆ ಒಪ್ಪಿಕೊಂಡ. “ಬ್ಯಾನಿ ಒಂದ ಇತ್ತು, ಡಾಕ್ಟರ ಆರು ಕೊಟ್ಟ ಕಳಿಸ್ಯಾನ” ಎಂದು ಕಾಕಾ ತಲೆ ಚಚ್ಚಿಕೊಂಡರು. ಅವರ ಕಟ್ಟುನಿಟ್ಟು ಒಂದೇ: ಎರಡು ಕಡೆ ಒಮ್ಮೆಗೆ ಕೈ ಹಾಕಬಾರದು. ಒಂದು ಬಿಚ್ಚು, ನೋಡು, ಮುಚ್ಚು, ಆಮೇಲೆ ಇನ್ನೊಂದು. ಎರಡೂ ಒಮ್ಮೆಗೆ ಮುಟ್ಟಿದರೆ ಗಾಡಿ ಚಾಲೂ ಆದರೂ ಏನು ಕೆಟ್ಟಿತ್ತು ಅನ್ನುವುದು ಗೊತ್ತಾಗುವುದಿಲ್ಲ.

ಗದಗಿನ ಒಂದು ತರಬೇತಿ ಕೇಂದ್ರದಲ್ಲಿ ನನಗೆ ಕೆಲಸದ ಸಂದರ್ಶನ ಇದ್ದದ್ದು ದಸರೆಯ ಖಂಡೆಪೂಜೆ ಆದ ಮೂರನೇ ದಿನ. ಹಬ್ಬದಂದು ಅವ್ವ ಗಾಡಿ ತೊಳೆದು, ವಿಭೂತಿ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿದ್ದಳು. ಆಮೇಲೆ ಗಾಡಿ ಹೊರಗೇ ತೆಗೆದಿರಲಿಲ್ಲ. ಅವತ್ತು ಹೊರಟವನು ಊರು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಅದು ಕೆಮ್ಮಿ ಕೆಮ್ಮಿ ನಿಂತಿತು. ಕಿಕ್ ಹೊಡೆದೆ, ಹೊಡೆದೆ, ಇಸ್ತ್ರಿ ಮಾಡಿದ ಅಂಗಿ ತೊಯ್ದು ತೊಪ್ಪೆಯಾಯಿತು. ಗದಗಿನ ಬಸ್ಸು ಕಣ್ಣೆದುರೇ ಹೋಯಿತು. ತಳ್ಳಿಕೊಂಡು ಶೆಡ್ಡಿಗೆ ಬಂದಾಗ ಅಳು ಬರುವುದೊಂದು ಬಾಕಿ.

ಅವತ್ತು ಅವರು ಬೆನ್ನು ಮಾಡಿ ಕೂರಲಿಲ್ಲ. ಹಾರ ನೋಡಿದರು, ಕೇಳಿದರು: “ಪೂಜಿ ಯಾರ ಮಾಡಿದ್ರು?”

“ಅವ್ವ ರೀ.”

“ಎಲ್ಲೆಲ್ಲಿ ಹಚ್ಯಾಳ?”

ನಾನು ಬಾಯಿ ತೆರೆಯುವ ಮೊದಲೇ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತಿರುಗಿಸಿದರು. ಸುಯ್ ಎಂದು ಸದ್ದಾಯಿತು. “ಕೇಳಿದ್ಯಾ? ಉಸಿರ ಕಟ್ಟಿತ್ತು ಅದಕ್ಕ.” ಮುಚ್ಚಳದಲ್ಲಿ ಗಾಳಿ ಆಡಲು ಒಂದು ಸಣ್ಣ ತೂತು ಇರುತ್ತದೆ. ಗಾಳಿ ಒಳಗೆ ಹೋಗದಿದ್ದರೆ ಪೆಟ್ರೋಲು ಕೆಳಗೆ ಇಳಿಯುವುದಿಲ್ಲ. ಅವ್ವ ಆ ತೂತಿನ ಮೇಲೇ ನೀರಿನಲ್ಲಿ ಕಲಸಿದ ವಿಭೂತಿ ಬಳಿದು, ನಡುವೆ ಕುಂಕುಮ ಒತ್ತಿದ್ದಳು. ಅದು ಒಣಗಿ ಗಾರೆಯಂತಾಗಿತ್ತು. ಕಾಕಾ ತಂತಿಯ ಒಂದು ಎಳೆಯಿಂದ ತೂತು ಬಿಡಿಸಿ, ಮುಚ್ಚಳ ಹಾಕಿ, “ಹೊಡಿ” ಅಂದರು. ಸ್ವಲ್ಪ ಹೊತ್ತಿಗೆ ಗಾಡಿ ಚಾಲೂ ಆಯಿತು.

“ಹಬ್ಬ ಆದ ಮ್ಯಾಲೆ ವರ್ಷಾ ಇಂಥಾವು ನಾಕೈದು ಬರ್ತಾವು. ನಿಮ್ಮವ್ವಗ ಬೈಬ್ಯಾಡ ಮತ್ತ. ದೇವರಿಗೆ ಹಚ್ಯಾಳ ಪಾಪ, ತೂತಿಗೆ ಹತ್ತೈತಿ. ಮುಂದಿನ ವರ್ಷ ಹೆಡ್‌ಲೈಟಿಗೆ ಹಚ್ಚು ಅನ್ನು. ಹಣಿ ಇದ್ದಂಗ ಐತಿ, ಛಂದ ಕಾಣತೈತಿ.” ಆಮೇಲೆ ಒಳಗಿನಿಂದ ತಮ್ಮ ಶುಕ್ರವಾರದ ಬಿಳಿ ಅಂಗಿ ತಂದು ನನ್ನ ಮೇಲೆ ಒಗೆದರು. “ಆ ತೊಯ್ದದ್ದ ಹಾಕ್ಕೊಂಡ ಹೋಗಿ ಕುಂಡ್ರತೀಯೇನ ಸಾಹೇಬ್ರ ಮುಂದ? ಜಲ್ದಿ ಹೋಗ.”

ಅವರ ಅಂಗಿಯಲ್ಲಿ ಹೋಗಿ ನಾನು ಆ ಕೆಲಸ ಗಿಟ್ಟಿಸಿದೆ. ಹಂಗಾಮಿ ಕೆಲಸ. ಹಳ್ಳಿಯ ಯುವಕರಿಗೆ ಮೋಟಾರು ರಿಪೇರಿ ಕಲಿಸುವ ವಿಭಾಗಕ್ಕೆ ಕನ್ನಡದಲ್ಲಿ ಪಾಠಪುಸ್ತಕ ತಯಾರಿಸಬೇಕಿತ್ತು. ಎಂಜಿನ್ನಿನ ಒಳಗೆ ಏನಿದೆ ನನಗೆ ಗೊತ್ತಿರಲಿಲ್ಲ. ಆದರೆ ಯಾರನ್ನು ಕೇಳಬೇಕು ಗೊತ್ತಿತ್ತು. ಪ್ರತಿ ಭಾನುವಾರ ನೋಟ್‌ಬುಕ್ಕು ಹಿಡಿದು ಶೆಡ್ಡಿನಲ್ಲಿ ಕೂತೆ. ಒಂದು ಮಳೆಗಾಲ, ಒಂದು ಚಳಿಗಾಲ. ಅವರು ಕೆಲಸ ಮಾಡುತ್ತ ಹೇಳುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ಪ್ಲಗ್ಗು ನನ್ನ ಮೂಗಿಗೂ ಹಿಡಿಯುತ್ತಿದ್ದರು. “ಮೂಸಲೇ. ಬರೇ ಬರಕೊಂಡ್ರ ಮೂಗ ಕಲಿತೈತೇನು?”

ಪುಸ್ತಕ ಅಂದಮೇಲೆ ಕ್ರಮ ಬೇಕಲ್ಲ. ಅವರು ಕೇಳುತ್ತಿದ್ದ ಪ್ರಶ್ನೆಗಳನ್ನು ನಾನು ಕಾರಣಗಳನ್ನಾಗಿ ಬದಲಿಸಿದೆ. ಮೂರು ಮಂದಿಯನ್ನು ಹನ್ನೆರಡು ಕಾರಣ ಮಾಡಿ, ಒಂದು, ಎರಡು ಎಂದು ಅಂಕಿ ಹಾಕಿದೆ. ಗಾಳಿಗೆ ಸಂಪೀಡನ ಎಂದು ಬರೆದೆ. ಓದಿ ತೋರಿಸಿದಾಗ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಇದ್ಯಾವ ಊರ ಮಾತಲೇ? ನಾ ಇದನ್ನೆಲ್ಲಾ ಯಾವಾಗ ಹೇಳೇನಿ?” ಪುಸ್ತಕ ಅಚ್ಚಾಯಿತು. ಮೇಲೆ ನನ್ನ ಹೆಸರು ಇತ್ತು. ಒಳಗೆ ಅರ್ಪಣೆ, ಕೃತಜ್ಞತೆ ಎಂದು ಒಂದು ಪುಟ ಇತ್ತು. ಅದರಲ್ಲಿ ಕೇಂದ್ರದ ಅಧಿಕಾರಿಗಳಿಗೆಲ್ಲ ನಮಸ್ಕಾರ ಇತ್ತು. ಶಿಗ್ಲಿ ರಸ್ತೆಯ ಶೆಡ್ಡಿನ ಸುದ್ದಿ ಇರಲಿಲ್ಲ. ಬೇಕೆಂದು ಬಿಟ್ಟೆನೋ, ಮರೆತೆನೋ ಎಂದು ಯಾರಾದರೂ ಕೇಳಿದ್ದರೆ ಆಗ ಮರೆತೆ ಅನ್ನುತ್ತಿದ್ದೆ. ಬೇಕೆಂದೇ ಬಿಟ್ಟದ್ದು. ಹಮಾಲನ ಮಗ ಪುಸ್ತಕ ಬರೆದ ಅನ್ನುವುದು ಪೂರ್ತಿ ನನ್ನದೇ ಆಗಿರಲಿ ಎಂಬ ಆಸೆ. ಒಂದು ಪ್ರತಿ ಅವರಿಗೆ ಕೊಟ್ಟೆ. ಹಾಳೆಗೆ ಎಣ್ಣೆ ಹತ್ತಬಾರದೆಂದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮನೆಯ ಗೂಡಿನಲ್ಲಿ ಇಟ್ಟುಕೊಂಡರು.

ಅದೇ ವರ್ಷ ರಸ್ತೆ ಅಗಲ ಮಾಡುವ ಖಬರು ಬಂತು. ಶೆಡ್ಡು ರಸ್ತೆಯ ಜಾಗದಲ್ಲಿತ್ತು. ಅಳತೆಗೆ ಬಂದವರು ತಗಡಿಗೆ ಕೆಂಪು ಗೆರೆ ಎಳೆದು ಹೋದರು. ಅಷ್ಟು ವರ್ಷ ನೆಲದ ಮೇಲೆ ಕುಕ್ಕುರುಗಾಲಲ್ಲಿ ಕೂತು ಅವರ ಮೊಣಕಾಲು ಹೋಗಿದ್ದವು. ಬೇರೆ ಕಡೆ ಹೊಸದಾಗಿ ಅಂಗಡಿ ಕಟ್ಟುವ ವಯಸ್ಸಲ್ಲ. ಆ ಹೊತ್ತಿಗೇ ನಮ್ಮ ಕೇಂದ್ರದಲ್ಲಿ ಕೈಗೆಲಸ ಕಲಿಸುವವರ ಕಾಯಂ ಜಾಗ ಒಂದು ಖಾಲಿಯಾಯಿತು. ಹೆಚ್ಚು ವರ್ಷದ ಅನುಭವ ಇದ್ದವರಿಗೆ ಓದಿನ ಷರತ್ತು ಸಡಿಲವಿತ್ತು. ಅರ್ಜಿ ನಾನೇ ತುಂಬಿದೆ. ಅವರಿಗೆ ಮನಸ್ಸಿರಲಿಲ್ಲ, ಹೆದರುತ್ತಿದ್ದರು.

“ಲೇ ಡಿಗ್ರಿ, ಅಲ್ಲಿ ಏನ ಕೇಳ್ತಾರ ನನಗ?”

“ಗಾಡಿದ ಕೇಳ್ತಾರ್ರೀ ಕಾಕಾ. ನೀವು ನನಗ ಕಲಿಸಿದ್ದ.”

“ಹಂಗಾರ ನೀ ಅದೀಯಲ್ಲ. ಆತು, ಬಿಡು.”

ಸಂದರ್ಶನಕ್ಕೆ ಅದೇ ಬಿಳಿ ಅಂಗಿಯಲ್ಲಿ ಬಂದರು. ಮೂಗು ಉಜ್ಜಿ ಕೆಂಪಾಗಿತ್ತು, ಕಲೆ ಇನ್ನಷ್ಟು ಎದ್ದು ಕಾಣುತ್ತಿತ್ತು. ಕುರ್ಚಿಯ ತುದಿಗೆ ಕೂತರು. ಎದುರಿಗೆ ಬೆಂಗಳೂರು ಕಡೆಯಿಂದ ಬಂದ ಅಧಿಕಾರಿ, ಪಕ್ಕದಲ್ಲಿ ಹೊರಗಿನ ಪರೀಕ್ಷಕರು, ಮೂಲೆಯಲ್ಲಿ ಅಂಕ ಬರೆದುಕೊಳ್ಳಲು ನಾನು. ಪ್ರಾಯೋಗಿಕ ಪರೀಕ್ಷೆಗೆ ತರಿಸಬೇಕಿದ್ದ ಗಾಡಿ ಬಂದಿರಲಿಲ್ಲ. ಬಾಯಿಮಾತಿನಲ್ಲೇ ಮುಗಿಸೋಣ ಎಂದರು. ಅಧಿಕಾರಿ ನನ್ನ ಪುಸ್ತಕ ತೆರೆದು ಓದಿದರು: “ಎಂಜಿನ್ ತಿರುಗುತ್ತೆ, ಆದರೆ ಗಾಡಿ ಸ್ಟಾರ್ಟ್ ಆಗೋದಿಲ್ಲ. ಕಾರಣಗಳನ್ನ ಕ್ರಮವಾಗಿ ಹೇಳಿ.”

ಕಾಕಾ ಸುತ್ತ ನೋಡಿದರು. ಬಾಗಿಲಿನ ಕಡೆ ನೋಡಿದರು.

“ಗಾಡಿ ಎಲ್ಲೈತ್ರಿ?”

“ಗಾಡಿ ಇಲ್ಲ. ಸುಮ್ಮನೆ ಹೇಳಿ.”

“ಅದ್ಹೆಂಗ ಹೇಳಾಕ ಬರತೈತ್ರಿ? ಅದು ಹೆಂಗ ನಿಂತತಿ ಅನ್ನೂದು ಗೊತ್ತಿಲ್ಲ. ಯಾರ ಕೈ ಹಚ್ಯಾರ ಗೊತ್ತಿಲ್ಲ. ನೋಡ್ದ ಹೇಳಿದ್ರ ಸುಳ್ಳ ಹೇಳ್ದಂಗ ಆಕ್ಕತಿ.”

ಪರೀಕ್ಷಕರು ನಕ್ಕರು. ಅಧಿಕಾರಿ ಪುಸ್ತಕ ಎತ್ತಿ ತೋರಿಸಿದರು. “ಇಲ್ಲಿ ಹನ್ನೆರಡು ಕಾರಣ ಇದೆ. ಎಷ್ಟು ಚೆನ್ನಾಗಿ ಬರೆದಿದ್ದಾರೆ ನಮ್ಮವರೇ. ಇದರಲ್ಲಿ ಒಂದಾದರೂ ಹೇಳೋಕೆ ಬರಲ್ವಾ ನಿಮಗೆ?”

ಕಾಕಾ ನನ್ನ ಕಡೆ ತಿರುಗಿದರು. ಬೇಡುವ ನೋಟ ಅಲ್ಲ ಅದು. ಕಿಕ್ ಹೊಡೀರಿ ಎಂದು ಹೇಳಿ ಕಾಯುತ್ತ ಕೂರುತ್ತಿದ್ದರಲ್ಲ, ಹಾಗೆ ಕಾದರು.

ಸರ್, ಆ ಹನ್ನೆರಡೂ ಇವರೇ ಹೇಳಿದ್ದು, ನಾನು ಬರೆದುಕೊಂಡೆ ಅಷ್ಟೆ. ಇಷ್ಟೇ ಹೇಳಬೇಕಿತ್ತು. ನಾಲಗೆಯ ತುದಿಗೆ ಬಂದಿತ್ತು. ನನ್ನದು ಹಂಗಾಮಿ ಕೆಲಸ, ಕಾಯಂ ಮಾಡುವ ಕಾಗದ ಇದೇ ಅಧಿಕಾರಿಯ ಟೇಬಲ್ಲಿನ ಮೇಲಿತ್ತು. ಪುಸ್ತಕ ಹೊಗಳಿದವರು ಇವರೇ. ಅಧಿಕಾರಿ ನನ್ನ ಮುಖ ನೋಡಿ ಕೇಳಿದರು, “ಇವರು ನಿಮಗೆ ಗೊತ್ತಾ?”

“ನಮ್ಮ ಊರಾಗ ಅಂಗಡಿ ಇಟ್ಟಾರ್ರಿ ಸರ್” ಅಂದೆ.

ಅಷ್ಟೇ ಅಂದೆ. ಆಮೇಲೆ ತಲೆ ಬಗ್ಗಿಸಿ, ಅವರ ಹೆಸರಿನ ಮುಂದೆ ಸೊನ್ನೆ ಬರೆದೆ. ಅವರು ಹೇಳಿಕೊಟ್ಟ ಉತ್ತರಕ್ಕೆ, ನಾನು ಮಾಡಿದ ಪ್ರಶ್ನೆಗೆ, ನನ್ನ ಕೈಯಿಂದಲೇ. ಕಾಕಾ ಎದ್ದರು. ಮೊಣಕಾಲು ನೊಂದಿರಬೇಕು, ಟೇಬಲ್ಲಿನ ಅಂಚು ಹಿಡಿದುಕೊಂಡರು. ಅವರಿಬ್ಬರಿಗೂ ಕೈ ಮುಗಿದು, ಕೊನೆಗೆ ನನಗೂ ಮುಗಿದರು. “ಬರ್ತೀನ್ರಿ ಸಾಹೇಬ್ರ.”

ಅವರ ನಂತರ ಒಳಗೆ ಬಂದ ತರುಣ ಹನ್ನೆರಡರಲ್ಲಿ ಹತ್ತು ಕಾರಣ ಪಟಪಟ ಹೇಳಿದ. ಜಾಗ ಅವನಿಗೆ ಹೋಯಿತು. ನಾನು ಕಾಯಂ ಆದೆ.

ಶೆಡ್ಡು ಒಡೆದ ದಿನ ನಾನು ಊರಲ್ಲಿದ್ದೆ, ಆ ಕಡೆ ಹಾಯಲಿಲ್ಲ. ಕಾಕಾ ಒಂದು ಕಟ್ಟಿಗೆ ಪೆಟ್ಟಿಗೆಯಲ್ಲಿ ಸಾಮಾನು ಇಟ್ಟುಕೊಂಡು ರಸ್ತೆಯ ಆಚೆಗೆ, ಬೇವಿನ ಮರದ ಕೆಳಗೆ ಕೂರುತ್ತಿದ್ದಾರೆ ಎಂದು ಕೇಳಿದೆ. ನಾನು ಬೇರೆ ರಸ್ತೆ ಹಿಡಿದು ಗದಗಿಗೆ ಹೋಗಿಬರತೊಡಗಿದೆ. ಗಾಡಿ ಕೆಟ್ಟರೆ ಗದಗಿನಲ್ಲೇ ತೋರಿಸುತ್ತಿದ್ದೆ. ಹೀಗೆ ಆರೇಳು ತಿಂಗಳು ಹೋಯಿತು. ಕೊನೆಗೆ ತಡೆಯಲಾಗಲಿಲ್ಲ. ಆದರೆ ಬರಿಗೈಯಲ್ಲಿ ಹೋಗಿ ನಿಲ್ಲಲು ಮುಖ ಬೇಕಲ್ಲ. ಒಂದು ನೆಪ ಹೂಡಿದೆ. ಮನೆಯಿಂದ ಹೊರಟಾಗಲೇ ಟ್ಯಾಂಕಿನ ಕೆಳಗಿನ ಪೆಟ್ರೋಲ್ ನಾಬ್ ಬಂದ್ ಮಾಡಿದೆ. ಪೈಪಿನಲ್ಲಿ, ಕಾರ್ಬೊರೇಟರಿನಲ್ಲಿ ಉಳಿದ ಪೆಟ್ರೋಲು ಬೇವಿನ ಮರದ ಹತ್ತಿರ ಬರುವಷ್ಟರಲ್ಲಿ ಮುಗಿಯಿತು. ಗಾಡಿ ಕೆಮ್ಮಿ ಕೆಮ್ಮಿ ನಿಂತಿತು.

ಅವರು ನೋಡಿದರು. ಇನ್ನಷ್ಟು ಒಣಗಿದ್ದರು. “ಬರ್ರಿ” ಅಂದರು. ಬಹುವಚನ.

“ಚಾಲೂ ಆಗವಲ್ದ್ರೀ ಕಾಕಾ.”

“ಹೊಡೀರಿ ಕಿಕ್.”

ಹತ್ತು ಸಲ ಹೊಡೆದೆ. ಅವರು ಬೆನ್ನು ಮಾಡಿ ಕೂತು ಕೇಳಿದರು. ಆಮೇಲೆ ಕೇಳಿದರು, “ಹೆಂಗ ನಿಂತತು?”

“ಕೆಮ್ಮಿ ಕೆಮ್ಮಿ ರೀ.”

“ಯಾರರ ಕೈ ಹಚ್ಯಾರೇನು?”

ನನ್ನ ಕಣ್ಣು ನಾಬಿನ ಕಡೆ ಹೋಯಿತು. ಅವರು ತಿರುಗಿದರು. ಪ್ಲಗ್ ಬಿಚ್ಚಲಿಲ್ಲ, ಮೂಸಲಿಲ್ಲ. ಕೂತಲ್ಲಿಂದಲೇ ಕೈ ಚಾಚಿ ನಾಬ್ ತಿರುಗಿಸಿದರು. “ಈಗ ಹೊಡೀರಿ.” ನಾಲ್ಕನೆಯ ಕಿಕ್ಕಿಗೆ ಚಾಲೂ ಆಯಿತು. “ಕಾಕಾ, ಅವತ್ತ ನಾ...” ಎಂದು ಶುರು ಮಾಡಿದೆ.

“ಎರಡ ಕಡೆ ಒಮ್ಮೆ ಕೈ ಹಾಕಬ್ಯಾಡ್ರಿ ಸಾಹೇಬ್ರ” ಅಂದರು. ಸಿಟ್ಟಿರಲಿಲ್ಲ ದನಿಯಲ್ಲಿ. ಗಿರಾಕಿಗೆ ಹೇಳುವ ದನಿ. “ಗಾಡಿ ಕೆಟ್ಟತಿ ಅಂತ ಬಂದ್ರಿ, ಚಾಲೂ ಆತು. ಹೊಂಡ್ರಿ ಇನ್ನ.”

ಹೊರಟೆ. ಡಿಗ್ರಿ ಎಂದು ಮತ್ತೆ ಅವರು ಕರೆಯಲಿಲ್ಲ.

ಅವರು ತೀರಿಕೊಂಡ ಸುದ್ದಿ ನನಗೆ ಮರುದಿನ, ಗದಗಿನ ಆಫೀಸಿನಲ್ಲಿ ಗೊತ್ತಾಯಿತು. ಊರಿಗೆ ಬರುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಮನೆಯ ಗೂಡಿನಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ನನ್ನ ಪುಸ್ತಕ ಹಾಗೇ ಇತ್ತು. ಅವರ ಹೆಂಡತಿ ಅದನ್ನು ತೋರಿಸಿ, “ನಿಮ್ದು ಐತಿ ನೋಡ್ರಿ, ಒಯ್ತೀರೇನು?” ಎಂದು ಕೇಳಿದರು. ಒಯ್ಯಲಿಲ್ಲ. ನಂದಲ್ಲ ಅನ್ನುವ ಧೈರ್ಯ ಅಲ್ಲೂ ಆಗಲಿಲ್ಲ.

ಪುಸ್ತಕ ಮತ್ತೆ ಮತ್ತೆ ಅಚ್ಚಾಗಿದೆ. ವರ್ಷಕ್ಕೊಂದು ತಂಡ ಬರುತ್ತದೆ, ಹನ್ನೆರಡು ಕಾರಣ ಬಾಯಿಪಾಠ ಮಾಡಿ ಬರೆದು ಪಾಸಾಗುತ್ತದೆ. ಗಾಡಿ ಎಲ್ಲಿದೆ ಎಂದು ಇಲ್ಲಿಯವರೆಗೆ ಒಬ್ಬನೂ ಕೇಳಿಲ್ಲ. ಹಾಗೆ ಕೇಳಿದವನಿಗೆ ಎಷ್ಟು ಅಂಕ ಕೊಡಬೇಕು ಎಂಬುದು ನಾನು ಬರೆದ ಮಾದರಿ ಉತ್ತರಗಳಲ್ಲಿ ಇಲ್ಲ.

ನಮ್ಮ ಅವ್ವನಿಗೆ ಒಂದಕ್ಷರ ಬರುವುದಿಲ್ಲ. ಮುಚ್ಚಳದ ತೂತು ಬಿಡಿಸಿದ ದಿನ ಕಾಕಾ ಹೇಳಿದ ಮಾತನ್ನು ನಾನು ಮನೆಗೆ ಬಂದು ಹೇಳಿದ್ದೆ, ಅಷ್ಟೇ. ಅಂದಿನಿಂದ ಖಂಡೆಪೂಜೆ ಬಂತೆಂದರೆ ಅವಳು ಹೆಡ್‌ಲೈಟಿಗೆ ಮಾತ್ರ ವಿಭೂತಿ ಹಚ್ಚುತ್ತಾಳೆ. ನಮ್ಮ ಗಾಡಿಯ ಪೂಜೆ ಮುಗಿಸಿ ಓಣಿಗಿಳಿಯುತ್ತಾಳೆ. ಯಾವ ಮನೆಯ ಮುಂದೆ ಯಾರು ಟ್ಯಾಂಕಿನ ಮುಚ್ಚಳಕ್ಕೆ ಕೈ ತರುತ್ತಿದ್ದರೂ ದೂರದಿಂದಲೇ ಕೂಗುತ್ತಾಳೆ. ಈ ವರ್ಷವೂ ಕೂಗಿದಳು. ನಾನು ಹಾರ ಹಿಡಿದು ಬಾಗಿಲಲ್ಲಿ ನಿಂತಿದ್ದೆ.

“ಅಲ್ಲಿ ಹಚ್ಚಬ್ಯಾಡ್ರೇ ನಮ್ಮವ್ವಾ! ಅದರ ಉಸಿರ ಕಟ್ಟತೈತಿ. ಇದು ನಾ ಹೇಳಿದ್ದಲ್ಲ, ಶಿಗ್ಲಿ ರಸ್ತಾದ ಮಿಸ್ತ್ರಿ ಹೇಳಿದ್ದು.”